ಸ್ಟಾರ್ಟ್ ಆದರೆ ಸಾಲದು, ನಿಲ್ಲಬೇಕು!

ಮಲೆನಾಡಿನಲ್ಲಿ ಗಾಳಿಗೆ ಮರ ಬಿತ್ತು ಅಂದ್ರೆ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ನೆಟ್‌ವರ್ಕ್ ಹೋಗುತ್ತೆ. ಮೂರನೆಯದಾಗಿ, ಮರ ಕೊಯ್ಯೋ ಮೆಷಿನ್ ಇರೋರ ಮನೆಗೆ ಜನ ಬರ್ತಾರೆ. ಹತ್ತು ಹದಿನೈದು ವರ್ಷದ ಹಿಂದೆ ದೊಡ್ಡ ಗರಗಸ ಹಿಡಿದು ಇಬ್ಬರು ದಿನವಿಡೀ ಎಳೆಯುತ್ತಿದ್ದ ಕೆಲಸವನ್ನು ಈಗ ಒಂದು ಚೈನ್ ಸಾ ಒಂದು ಗಂಟೆಯಲ್ಲಿ ಮುಗಿಸುತ್ತೆ. ಮಳೆಗಾಲದಲ್ಲಿ ಅದು ಊರಿಗೇ ಬೇಕಾದ ವಸ್ತು.

ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಅಂಥ ಮೆಷಿನ್ ಇರೋದು ಎರಡು ಮನೆಯಲ್ಲಿ. ಒಂದು ನಮ್ಮ ಚಿಕ್ಕಪ್ಪನದು. ಒಂದೂವರೆ ಎಕರೆ ಅಡಿಕೆ ತೋಟ ಬಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಕೈಯಲ್ಲಿ ಓಡಾಡೋ ದುಡ್ಡು ಈ ಮೆಷಿನ್‌ನಿಂದಲೇ ಬರೋದು. ಕಳೆದ ಮಳೆಗಾಲದ ಶುರುವಿನಲ್ಲೇ ಅದು ಮರದಡಿ ಸಿಕ್ಕಿ ಮುರೀತು. ನಾನು ಆಗ ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದೆ. ಇಂಜಿನಿಯರಿಂಗ್ ಮೊದಲ ವರ್ಷ ಎಲ್ಲಾ ಬ್ರಾಂಚಿನವರೂ ಬರೆಯಲೇಬೇಕಿದ್ದ ಮೆಕ್ಯಾನಿಕಲ್ ಪೇಪರಿನಲ್ಲಿ ಟು-ಸ್ಟ್ರೋಕ್ ಎಂಜಿನ್ ಚಿತ್ರ ಬಿಡಿಸಿ ಪಾಸಾದವನು. ಎಂಜಿನ್ ಬಿಚ್ಚಿದ್ದನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ರಿಪೇರಿಗೆ ಐದು ದಿನ ಹಿಡೀತು. ಆ ಐದು ದಿನದಲ್ಲಿ ತಿಳಿದಿದ್ದು ಇಷ್ಟು: ಚೈನ್ ಸಾ ಸರಿಯಾಯ್ತಾ ಅನ್ನೋದು ಗೊತ್ತಾಗೋದು ಅದು ನಿಂತಾಗ.

ಬಿದ್ದ ಮರ ಸುಮ್ಮನೆ ಬಿದ್ದಿರಲ್ಲ

ಬಿದ್ದಿದ್ದು ಎರಡಡಿ ದಪ್ಪದ ಹಲಸಿನ ಮರ. ತೋಟದ ದಾರಿಗೆ ಅಡ್ಡಲಾಗಿ, ಬಸಿಗಾಲುವೆಯ ಮೇಲೆ ಸಂಕದ ಹಾಗೆ ಮಲಗಿತ್ತು. ಆಚೆ ದಡಕ್ಕೆ ಒಂದು ತುದಿ, ಈಚೆ ದಡಕ್ಕೆ ಇನ್ನೊಂದು ತುದಿ, ನಡುವೆ ಖಾಲಿ.

ಹೀಗೆ ಎರಡೂ ಕಡೆ ಆತುಕೊಂಡಿರೋ ದಿಮ್ಮಿಯ ನಡುಭಾಗ ತನ್ನ ಭಾರಕ್ಕೇ ಕೆಳಗೆ ಜಗ್ಗುತ್ತಿರುತ್ತೆ. ಅಂದ್ರೆ ಮೇಲ್ಭಾಗದ ಮರ ಒಂದನ್ನೊಂದು ಒತ್ತುತ್ತಿರುತ್ತೆ, ಕೆಳಭಾಗ ಎಳೆದುಕೊಂಡಿರುತ್ತೆ. ಮೇಲಿನಿಂದ ಪೂರ್ತಿ ಕೊಯ್ಯುತ್ತಾ ಹೋದ್ರೆ ಕೊಯ್ದ ಸೀಳು ಬಾಯಿ ಮುಚ್ಚಿಕೊಂಡು ಬಾರನ್ನು ಕಚ್ಚಿ ಹಿಡಿಯುತ್ತೆ. ಅದಕ್ಕೇ ಮೇಲಿನಿಂದ ದಪ್ಪದ ಮೂರನೇ ಒಂದು ಭಾಗದಷ್ಟು ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯೋದು ಕ್ರಮ. ಒಂದೇ ತುದಿ ಆತುಕೊಂಡು ಇನ್ನೊಂದು ತುದಿ ಗಾಳಿಯಲ್ಲಿ ಚಾಚಿಕೊಂಡಿದ್ರೆ ಇದು ತಿರುಗಾಮುರುಗಾ: ಒತ್ತಡ ಕೆಳಗೆ, ಎಳೆತ ಮೇಲೆ.

ಚಿಕ್ಕಪ್ಪನಿಗೆ ಇದೆಲ್ಲ ಗೊತ್ತಿತ್ತು. ಮೇಲಿನ ಕೊಯ್ತ ಅರ್ಧ ಆಗಿತ್ತು ಅಷ್ಟೆ. ಎರಡು ದಿನದ ಮಳೆ ಕುಡಿದಿದ್ದ ಈಚೆ ದಡದ ಮಣ್ಣು ಕುಸೀತು, ದಿಮ್ಮಿ ಒಂದು ಗೇಣು ಕೆಳಗಿಳೀತು, ಬಾರ್ ಸಿಕ್ಕಿಹಾಕಿಕೊಳ್ತು. ಹಾರೆ ಹಾಕಿ ಮೀಟಿದಾಗ ದಿಮ್ಮಿ ಬಿಡಿಸಿಕೊಂಡಿತು ನಿಜ, ಆದ್ರೆ ಹಾಗೇ ಉರುಳಿ ಮೆಷಿನ್ ಮೇಲೆ ಒರಗಿತು. ಮನುಷ್ಯರಿಗೆ ಏನೂ ಆಗಲಿಲ್ಲ ಅನ್ನೋದೇ ಪುಣ್ಯ.

ಪೇಟೆಯ ಮೆಕ್ಯಾನಿಕ್ ಆಮೇಲೆ ಹೇಳಿದ ಒಂದು ಉಪಾಯ ಎಲ್ಲರೂ ನೆನಪಿಟ್ಟುಕೊಳ್ಳೋ ಹಾಗಿದೆ. ಬಾರ್ ಸಿಕ್ಕಿಕೊಂಡ ತಕ್ಷಣ ಎಂಜಿನ್ ಆಫ್ ಮಾಡಿ. ಎಳೆದಾಡಬೇಡಿ. ಪಕ್ಕದ ಎರಡು ನಟ್ ಬಿಚ್ಚಿ ಕವರ್ ತೆಗೆದ್ರೆ ಎಂಜಿನ್ ಭಾಗ ಕೈಗೆ ಬರುತ್ತೆ. ಬಾರ್ ಮತ್ತು ಚೈನ್ ಮರದಲ್ಲೇ ಇರಲಿ. ಆಮೇಲೆ ಸೀಳಿಗೆ ಬೆಣೆ ಹೊಡೆದೋ, ಕೊಡಲಿಯಲ್ಲಿ ಬಿಡಿಸಿಯೋ ಬಾರ್ ತೆಗೆಯಬಹುದು. ಬಾರ್ ಹೋದ್ರೂ ಎಂಜಿನ್ ಉಳಿಯುತ್ತೆ.

ಎರಡಡಿ ದಪ್ಪದ ಲಾಗ್

ನನ್ನ ಕೆಲಸದಲ್ಲಿ ಸರ್ವರ್ ಬಿದ್ದಾಗ ಲಾಗ್ ಓದದೆ ಯಾರೂ ಕೋಡ್ ಮುಟ್ಟಲ್ಲ. ಇಲ್ಲೂ ಲಾಗ್ ಇತ್ತು, ಎರಡಡಿ ದಪ್ಪದ್ದು. ಅದು ಎಲ್ಲಿ ಕಚ್ಚಿತು, ಎಲ್ಲಿ ಒರಗಿತು ಅನ್ನೋದು ಮೆಷಿನ್ ಮೇಲೆ ಬರೆದ ಹಾಗೇ ಇತ್ತು. ಮೆಕ್ಯಾನಿಕ್ ಮೊದಲ ಹತ್ತು ನಿಮಿಷ ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೆಷಿನ್ ತಿರುಗಿಸಿ ತಿರುಗಿಸಿ ನೋಡಿದ್ರು. "ಹೇಗೆ ಸಿಕ್ಕಿತ್ತು, ಎಷ್ಟು ಹೊತ್ತು ಸಿಕ್ಕಿತ್ತು, ಆಗ ಎಂಜಿನ್ ಓಡ್ತಿತ್ತಾ?" ಅಂತ ಚಿಕ್ಕಪ್ಪನ್ನ ಕೇಳಿದ್ರು.

ಮೊದಲು ಬಾರ್. ಅದನ್ನು ಕಣ್ಣಿನ ನೇರಕ್ಕೆ ಹಿಡಿದು ತುದಿಯಿಂದ ನೋಡಿದ್ರೆ ನಡುವೆ ಬಾಗಿದ್ದು ಕಾಣ್ತಿತ್ತು. ಕಚ್ಚಿದ ಜಾಗದಲ್ಲಿ ಚೈನ್ ಓಡೋ ಗಾಡಿಯ ಎರಡು ಅಂಚು ಒತ್ತಿ ಹತ್ತಿರ ಬಂದಿದ್ವು. ಅಂಚು ಮಾತ್ರ ಒತ್ತಿದ್ರೆ ತೆಳು ತಗಡು ಹಾಕಿ ಬಿಡಿಸಿ, ಮೇಲೆ ಎದ್ದ ಮುಳ್ಳನ್ನು ಅರದಲ್ಲಿ ಉಜ್ಜಿ ಸರಿ ಮಾಡಬಹುದು. ಬಾಗಿದ ಬಾರ್ ಬಡಿದು ನೇರ ಮಾಡಿದ್ರೂ ಚೈನ್ ಅಡ್ಡಕ್ಕೆ ಎಳೆಯೋ ಸಾಧ್ಯತೆ ಇರುತ್ತೆ. ಹೊಸದೇ ಬೇಕು ಅಂದ್ರು.

ಎರಡನೆಯದು ಚೈನ್. ಅದು ಸ್ಪ್ರಾಕೆಟ್‌ನಿಂದ ಹಾರಿತ್ತು. ಚೈನ್‌ನಲ್ಲಿ ಮೇಲೆ ಕೊಯ್ಯೋ ಹಲ್ಲು, ಕೆಳಗೆ ಬಾರಿನ ಗಾಡಿಯೊಳಗೆ ಓಡೋ ಡ್ರೈವ್ ಲಿಂಕ್ ಇರುತ್ತೆ. ಚೈನ್ ಹಾರಿದಾಗ ತಿರುಗುತ್ತಿರೋ ಸ್ಪ್ರಾಕೆಟ್ ಈ ಡ್ರೈವ್ ಲಿಂಕ್‌ಗಳ ಪಕ್ಕ ಕಚ್ಚಿ ಮುಳ್ಳು ಎಬ್ಬಿಸುತ್ತೆ. ಮುಳ್ಳೆದ್ದ ಲಿಂಕ್ ಗಾಡಿಯೊಳಗೆ ಹೋಗಲ್ಲ. ಚಪ್ಪಟೆ ಅರದಲ್ಲಿ ಉಜ್ಜಿದ್ರೆ ಎಷ್ಟೋ ಸಲ ಚೈನ್ ಉಳಿಯುತ್ತೆ. ನಮ್ಮದರಲ್ಲಿ 72 ಲಿಂಕ್‌ನಲ್ಲಿ ಎರಡು ಸೊಟ್ಟಗೇ ಆಗಿದ್ವು. ಸೊಟ್ಟ ಲಿಂಕ್ ಇರೋ ಚೈನ್ ಓಡಿಸಿದ್ರೆ ಹರಿದು ಹಾರಬಹುದು. ಅದೂ ಹೋಯ್ತು.

ಮೂರನೆಯದು ಕ್ಲಚ್ ಕವರ್, ಮತ್ತು ಅದಕ್ಕೆ ಸೇರಿದ ಒಂದು ಕರಿ ಪ್ಲಾಸ್ಟಿಕ್ ತುಂಡು.

ಕರಿ ಪ್ಲಾಸ್ಟಿಕ್ ತುಂಡಿನ ಕಥೆ

ಚೈನ್ ಸಾದ ಮುಂದಿನ ಹಿಡಿಯ ಎದುರು ಒಂದು ಗಾರ್ಡ್ ಇರುತ್ತೆ. ಕೈಗೆ ಹುಡಿ, ರೆಂಬೆ ತಾಗದಿರಲಿ ಅಂತ ಇರೋದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಬ್ರೇಕಿನ ಹಿಡಿ. ಮುಂದಕ್ಕೆ ತಳ್ಳಿದ್ರೆ ಒಳಗಿನ ಸ್ಪ್ರಿಂಗ್ ಬಿಟ್ಟುಕೊಂಡು, ಕ್ಲಚ್ ಡ್ರಮ್ ಸುತ್ತ ಇರೋ ಉಕ್ಕಿನ ಪಟ್ಟಿ ಬಿಗಿದು ಚೈನ್ ನಿಲ್ಲುತ್ತೆ. ನಮ್ಮ ಮೆಷಿನ್‌ನಲ್ಲಿ ಆ ಗಾರ್ಡ್ ಬುಡದಲ್ಲೇ ಮುರಿದಿತ್ತು.

ಇದು ಯಾಕೆ ಬೇಕು? ಒಂದು ಸಣ್ಣ ಲೆಕ್ಕ ಹಾಕೋಣ. ನಮ್ಮ ಮೆಷಿನ್‌ನದು .325 ಇಂಚು ಪಿಚ್ ಚೈನ್, ಏಳು ಹಲ್ಲಿನ ಸ್ಪ್ರಾಕೆಟ್. ಸ್ಪ್ರಾಕೆಟ್ ಒಂದು ಸುತ್ತು ತಿರುಗಿದ್ರೆ ಚೈನ್ ಸುಮಾರು 11.5 ಸೆಂ.ಮೀ. ಮುಂದೆ ಹೋಗುತ್ತೆ. ನಿಮಿಷಕ್ಕೆ 9000 ಸುತ್ತು ಅಂದ್ರೆ ಸೆಕೆಂಡಿಗೆ 17 ಮೀಟರ್. ಗಂಟೆಗೆ 60 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಹಲ್ಲುಗಳು ಓಡ್ತಿರ್ತವೆ. ಬಾರಿನ ಮೂತಿಯ ಮೇಲಿನ ಕಾಲು ಭಾಗ ಮರಕ್ಕೋ ಗೆಲ್ಲಿಗೋ ತಾಗಿದ್ರೆ ಹಲ್ಲು ಕಚ್ಚಿಕೊಳ್ಳುತ್ತೆ. ಆ ಶಕ್ತಿಯೆಲ್ಲ ವಾಪಸ್ ತಿರುಗಿ ಬಾರನ್ನು ಮೇಲಕ್ಕೆ, ಹಿಡಿದವನ ಮುಖ ಕುತ್ತಿಗೆ ಕಡೆಗೆ ಎಸೆಯುತ್ತೆ. ಇದಕ್ಕೆ ಕಿಕ್‌ಬ್ಯಾಕ್ ಅಂತಾರೆ. ನಮಗೆ ಗೊತ್ತಾಗಿ ಕೈ ಬಿಗಿ ಮಾಡೋಷ್ಟು ಹೊತ್ತು ಅದು ಕೊಡಲ್ಲ. ಆದ್ರೆ ಮೆಷಿನ್ ಹಿಂದಕ್ಕೆ ಹಾರುವಾಗ ಎಡಗೈಯ ಮಣಿಕಟ್ಟು ತಾನಾಗೇ ಗಾರ್ಡಿಗೆ ತಾಗುತ್ತೆ. ಕೈ ತಾಗದಿದ್ರೂ ಆ ಎಳೆತದ ರಭಸಕ್ಕೇ ಗಾರ್ಡ್ ಮುಂದೆ ಬಾಗಿ ಬ್ರೇಕ್ ಬೀಳೋ ವ್ಯವಸ್ಥೆಯೂ ಇದೆ.

ಇಷ್ಟು ತಿಳಿದ ಮೇಲೆ ಅಂಗಡಿಯ ಮೂಲೆ ನೋಡಿದೆ. ರಿಪೇರಿಗೆ ಬಂದ ಐದಾರು ಮೆಷಿನ್‌ಗಳಿದ್ವು. ಮೂರಕ್ಕೆ ಗಾರ್ಡ್ ಇರಲಿಲ್ಲ.

"ಇವೆಲ್ಲ ಮುರಿದಿದ್ದಾ?" ಅಂತ ಕೇಳಿದೆ.

"ಎಲ್ಲಿಯ ಮುರಿದಿದ್ದು ಸರ್. ಗೆಲ್ಲು ಸವರುವಾಗ ಅಡ್ಡ ಆಗ್ತದೆ ಅಂತ ಬಿಚ್ಚಿಟ್ಟಿದ್ದು" ಅಂದ್ರು.

ನಾಲ್ಕು ದಿನ ಯಾರು ಕಾಯ್ತಾರೆ?

ಬಾರ್ ಮತ್ತು ಚೈನ್ ಅಂಗಡಿಯಲ್ಲೇ ಇತ್ತು. ಬ್ರೇಕ್ ಸಮೇತ ಕ್ಲಚ್ ಕವರ್ ಸೆಟ್ ಮಾತ್ರ ಶಿವಮೊಗ್ಗದಿಂದ ಬರಬೇಕು, ನಾಲ್ಕು ದಿನ. ಹಳೇ ಕವರ್ ಗಾರ್ಡ್ ಇಲ್ಲದೆಯೂ ಕೂರುತ್ತಿತ್ತು. ಸ್ಟಾರ್ಟರ್ ಹಗ್ಗ ಎರಡು ಸಲ ಎಳೆದಿದ್ದಕ್ಕೇ ಎಂಜಿನ್ ಗುಡುಗಿತು. ಚಿಕ್ಕಪ್ಪನ ಮುಖ ಅರಳಿತು.

"ಸಾಕು ಮಾರಾಯ, ಹಾಕಿ ಕೊಡು. ಕವರ್ ಬಂದಾಗ ಬಂದು ಹಾಕಿಸ್ಕೋತೀನಿ. ಹನ್ನೆರಡು ವರ್ಷದಿಂದ ಕೊಯ್ತಾ ಇದ್ದೀನಿ ನಾನು."

ಅವರ ಮಾತಿಗೆ ಕಾರಣ ಇತ್ತು. ಫೋನ್‌ನಲ್ಲಿ ಆಗಲೇ ಮೂರು ಮನೆಯವರು ಕಾಯ್ತಾ ಇದ್ರು. ಒಬ್ಬರ ಕೊಟ್ಟಿಗೆ ಮೇಲೆ ಮರ ಒರಗಿತ್ತು. ಮಳೆಗಾಲದ ಕೆಲಸ ಮಳೆಗಾಲದಲ್ಲೇ ಸಿಗೋದು. ಬಿಟ್ಟ ಕೆಲಸ ಇನ್ನೊಬ್ಬರ ಪಾಲು. ನಾಲ್ಕು ದಿನ ಅಂದ್ರೆ ಅವರಿಗೆ ಸಣ್ಣ ಮೊತ್ತ ಅಲ್ಲ. ತಿಂಗಳ ಸಂಬಳದ ನಾನು "ಕಾದ್ರಾಯ್ತು ಬಿಡಿ" ಅನ್ನೋದು ಸುಲಭ.

ಮೆಕ್ಯಾನಿಕ್ ವಾದ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದ್ರು: "ಗೌಡ್ರೇ, ಆಕ್ಸಿಲೇಟರ್ ಬಿಟ್ಟಾಗ ಚೈನ್ ನಿಲ್ತಿತ್ತಾ?"

"ಸ್ವಲ್ಪ ಓಡ್ತಿತ್ತು. ಒಂದು ವರ್ಷ ಆಯ್ತು. ಅದೇನಾಗ್ತದೆ?"

"ಹಾಗಾದ್ರೆ ನಿಮ್ಮ ಮೆಷಿನ್‌ಗೆ ನಿಲ್ಲೋ ದಾರಿ ಎರಡೇ ಇದ್ದಿದ್ದು. ಒಂದು ಮೊದಲೇ ಹಾಳಾಗಿತ್ತು, ಇನ್ನೊಂದು ಈಗ ಮುರೀತು. ಹೀಗೆ ಕೊಟ್ರೆ ನಂಗೆ ನಿದ್ದೆ ಬರಲ್ಲ."

ಚಿಕ್ಕಪ್ಪ ಸುಮ್ಮನಾದ್ರು. ಮನೆಗೆ ಬಂದು ಮೂರು ಕೆಲಸವನ್ನೂ ಊರಿನ ಇನ್ನೊಂದು ಮೆಷಿನ್‌ನವರಿಗೆ ಫೋನ್ ಮಾಡಿ ಬಿಟ್ಟುಕೊಟ್ರು. ಆ ಸಂಜೆ ಅವರು ಸರಿಯಾಗಿ ಮಾತಾಡಲಿಲ್ಲ. ಚಿಕ್ಕಮ್ಮ ಮಾತ್ರ, "ನಾಲ್ಕು ದಿನ ಕೂತ್ರೆ ಊಟಕ್ಕೇನು ಕಮ್ಮಿ ಮಾಡಲ್ಲ ನಾನು" ಅಂದ್ರು.

ಉಲ್ಟಾ ಥ್ರೆಡ್, ಹಗ್ಗದ ತುಂಡು

ಕಾಯೋ ದಿನಗಳಲ್ಲಿ ಕ್ಲಚ್ ಬಿಚ್ಚಿದ್ದಾಯ್ತು. ಚೈನ್ ಸಾದ ಕ್ಲಚ್‌ಗೆ ಬೈಕಿನ ಹಾಗೆ ಲಿವರ್ ಇಲ್ಲ. ಎಂಜಿನ್ ಜೋರಾಗಿ ತಿರುಗಿದಾಗ ಒಳಗಿನ ಭಾರದ ತುಂಡುಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ. ನಿಧಾನ ಆದಾಗ ಸ್ಪ್ರಿಂಗ್ ಅವನ್ನು ಒಳಕ್ಕೆ ಎಳೆದುಕೊಳ್ಳುತ್ತೆ, ಚೈನ್ ನಿಲ್ಲುತ್ತೆ. ತಿರುಗೋ ಬುಟ್ಟಿ ತೊಟ್ಟಿಲಲ್ಲಿ ಕೂತಾಗ ಮೈ ಹೊರಕ್ಕೆ ವಾಲುತ್ತಲ್ಲ, ಅದೇ ತತ್ವ. ಐಡ್ಲಿಂಗ್‌ನಲ್ಲಿ ಚೈನ್ ಓಡ್ತಿದೆ ಅಂದ್ರೆ ಒಂದೋ ಐಡ್ಲ್ ಸ್ಕ್ರೂ ಜಾಸ್ತಿ ತಿರುಗಿಸಿದ್ದಾರೆ, ಇಲ್ಲಾ ಸ್ಪ್ರಿಂಗ್ ಸೋತಿದೆ.

ಕ್ಲಚ್ ಬಿಚ್ಚೋದರಲ್ಲಿ ಎರಡು ತಂತ್ರ ಇದೆ. ಇದರ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ತಿರುಗಿಸಿದ್ರೆ ಸಡಿಲ ಆಗೋದು. ಎರಡನೆಯದು, ಕ್ಲಚ್ ತಿರುಗಿಸಿದ್ರೆ ಎಂಜಿನ್ನೂ ಜೊತೆಗೇ ತಿರುಗುತ್ತೆ, ಅದನ್ನು ತಡೀಬೇಕು. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿದ್ರು. ಪಿಸ್ಟನ್ ಮೇಲೇರುತ್ತಾ ಹೊಗೆ ಹೋಗೋ ಕಿಂಡಿ ಮುಚ್ಚಿದ ಮೇಲೆ, ಪ್ಲಗ್ಗಿನ ತೂತಿನಿಂದ ಹಳೇ ಸ್ಟಾರ್ಟರ್ ಹಗ್ಗದ ತುಂಡನ್ನು ಒಳಗೆ ತುರುಕಿದ್ರು, ತುದಿ ಹೊರಗಿರೋ ಹಾಗೆ. ಪಿಸ್ಟನ್ ಹಗ್ಗಕ್ಕೆ ಮೆತ್ತಗೆ ಒತ್ತಿ ನಿಂತಿತು. ಕಬ್ಬಿಣದ ತುಂಡು ಹಾಕಿದ್ರೆ ಪಿಸ್ಟನ್ ಹಾಳಾಗುತ್ತೆ, ಹಗ್ಗಕ್ಕೆ ಏನೂ ಆಗಲ್ಲ. ಹೊರಗೆ ಬಂದ ಕ್ಲಚ್‌ನ ಒಂದು ಸ್ಪ್ರಿಂಗ್ ಹಿಗ್ಗಿ ಜೋತುಬಿದ್ದಿತ್ತು. ಹೊಸ ಸ್ಪ್ರಿಂಗ್ ಇಡೀ ರಿಪೇರಿಯಲ್ಲೇ ಅತಿ ಅಗ್ಗದ ಸಾಮಾನು.

ಹಾಗೇ ಚೈನ್ ಆಯಿಲ್ ಬರೋ ಕಿಂಡಿಯನ್ನೂ ನೋಡಿದ್ವಿ. ಮರದ ಹುಡಿ ಮತ್ತು ಎಣ್ಣೆ ಸೇರಿ ಗಟ್ಟಿ ಮೇಣ ಆಗಿತ್ತು. ನಮ್ಮ ಕಡೆ ಬೈಕಿಂದ ತೆಗೆದ ಕರಿ ಆಯಿಲ್ಲನ್ನೇ ಚೈನ್ ಟ್ಯಾಂಕಿಗೆ ಹಾಕೋ ರೂಢಿ ಇದೆ. ಅದರಲ್ಲಿ ಲೋಹದ ಸಣ್ಣ ಪುಡಿ ಇರುತ್ತೆ. ಪಂಪು, ಬಾರು ಎರಡೂ ಬೇಗ ಸವೆಯುತ್ತೆ. ಎಂಜಿನ್‌ಗೆ ಹಾಕೋ ಪೆಟ್ರೋಲಿಗೆ ಬೆರೆಸೋ ಟು-ಸ್ಟ್ರೋಕ್ ಆಯಿಲ್ ಬೇರೆ, ಚೈನ್ ಟ್ಯಾಂಕಿನ ಆಯಿಲ್ ಬೇರೆ. 50:1 ಅಂತ ಮೆಷಿನ್ ಪುಸ್ತಕದಲ್ಲಿ ಇದ್ರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25:1 ಅಂತಿದ್ರೆ 40 ಮಿ.ಲೀ. ಬಾಟಲಿ ಮುಚ್ಚಳದ ಅಂದಾಜು ಬೇಡ.

ಹುಳದಿಂದ ಕಲಿತ ಹಲ್ಲು

ಹೊಸ ಚೈನ್ ಹಾಕುವಾಗ ಹಲ್ಲುಗಳನ್ನು ಗಮನಿಸಿದೆ. ಒಂದು ಎಡಕ್ಕೆ ಬಾಗಿದ್ರೆ ಮುಂದಿನದು ಬಲಕ್ಕೆ. ಇದರ ಹಿಂದೆ ಒಂದು ಚಂದದ ಕಥೆ ಇದೆ. 1946ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್ ಎಂಬಾತ ಮರ ಕೊರೆಯೋ ಹುಳವೊಂದನ್ನು ನೋಡುತ್ತಾ ಕೂತನಂತೆ. ಆ ಹುಳ ತನ್ನ ದವಡೆಯಿಂದ ಎಡಕ್ಕೂ ಬಲಕ್ಕೂ ಕಚ್ಚಿ, ಮರದ ನಾರು ಯಾವ ಕಡೆ ಇದ್ರೂ ಸಲೀಸಾಗಿ ಕೊರೆದುಕೊಂಡು ಹೋಗ್ತಿತ್ತು. ಅದೇ ಆಕಾರದಲ್ಲಿ ಅವನು ಉಕ್ಕಿನ ಹಲ್ಲು ಮಾಡಿದ. ಇವತ್ತಿನ ಚೈನ್‌ಗಳ ಮೂಲ ಅದೇ.

ಈ ಹಲ್ಲು ಮಸೆಯೋಕೆ .325 ಚೈನ್‌ಗೆ 4.8 ಮಿ.ಮೀ. ದುಂಡು ಅರ ಬೇಕು. ಅಂಗಡಿಯಲ್ಲಿ ರೌಂಡ್ ಫೈಲ್ ಅಂದ್ರೆ ಕೊಡ್ತಾರೆ. ಎಲ್ಲಾ ಹಲ್ಲೂ ಒಂದೇ ಉದ್ದ ಇರಬೇಕು, ಇಲ್ಲದಿದ್ರೆ ಕೊಯ್ತ ಒಂದೇ ಕಡೆ ತಿರುಗುತ್ತೆ. ಮರದ ಹುಡಿ ಅವಲಕ್ಕಿ ಥರ ಚೂರು ಚೂರಾಗಿ ಬಿದ್ರೆ ಹಲ್ಲು ಚೂಪಾಗಿದೆ. ರವೆ, ಹಿಟ್ಟಿನ ಥರ ಬಿದ್ರೆ ಮೊಂಡಾಗಿದೆ, ನಿಲ್ಲಿಸಿ ಮಸೆಯಿರಿ. ಮೊಂಡು ಚೈನನ್ನು ಒತ್ತಿ ಕೊಯ್ಯೋರ ಕೈಯಲ್ಲೇ ಮೆಷಿನ್ ಜಾರೋದು.

ನಿಲ್ಲುತ್ತಾ ನೋಡಿ

ಐದನೇ ದಿನ ಕವರ್ ಸೆಟ್ ಬಂತು. ಜೋಡಿಸಿದ ಮೇಲೆ ಮೆಕ್ಯಾನಿಕ್ ಮಾಡಿದ ಪರೀಕ್ಷೆಗಳನ್ನು ಹಾಗೇ ಬರೆದುಕೊಂಡೆ.

ಒಂದು: ಬಾರಿನ ಮೂತಿ ಎತ್ತಿ ಹಿಡಿದು ಚೈನ್ ಬಿಗಿ ಮಾಡೋದು. ತಣ್ಣಗಿರುವಾಗ ಚೈನ್ ಬಾರಿನ ಕೆಳಗೆ ಜೋತುಬೀಳಬಾರದು, ಗ್ಲೌಸ್ ಹಾಕಿದ ಕೈಯಲ್ಲಿ ಎಳೆದ್ರೆ ಸಲೀಸಾಗಿ ಓಡಬೇಕು. ಹೊಸ ಚೈನ್ ಹಿಗ್ಗುತ್ತೆ, ಮೊದಲ ದಿನ ಮತ್ತೆ ಮತ್ತೆ ನೋಡಬೇಕು.

ಎರಡು: ಎಂಜಿನ್ ಆಫ್ ಇದ್ದಾಗ ಗಾರ್ಡ್ ಮುಂದೆ ತಳ್ಳಿ ಚೈನ್ ಎಳೆದು ನೋಡೋದು. ಕದಲಬಾರದು. ಗಾರ್ಡ್ ಹಿಂದಕ್ಕೆ ಎಳೆದ್ರೆ ಮತ್ತೆ ಓಡಬೇಕು.

ಮೂರು: ಎಂಜಿನ್ ಆಫ್ ಇಟ್ಟೇ, ಮೆಷಿನ್ನನ್ನು ಒಂದು ಕೊರಡಿನ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಹಿಡಿದು, ಮುಂದಿನ ಹಿಡಿ ಬಿಟ್ಟು ಬಾರಿನ ಮೂತಿ ಕೊರಡಿಗೆ ಬೀಳೋಕೆ ಬಿಡೋದು. ಆ ಪೆಟ್ಟಿಗೇ ಬ್ರೇಕ್ ತಾನಾಗೇ ಬೀಳಬೇಕು.

ನಾಲ್ಕು: ಬ್ರೇಕ್ ಹಾಕಿಟ್ಟೇ, ಮೆಷಿನ್ನನ್ನು ನೆಲದ ಮೇಲೆ ಇಟ್ಟು ಸ್ಟಾರ್ಟ್ ಮಾಡೋದು. ಬ್ರೇಕ್ ಬಿಟ್ಟು, ಆಕ್ಸಿಲೇಟರ್ ಮುಟ್ಟದೆ ಚೈನ್ ನೋಡೋದು. ನಿಂತೇ ಇರಬೇಕು.

ಐದು: ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಪೂರ್ತಿ ಆಕ್ಸಿಲೇಟರ್ ಕೊಟ್ಟು, ಹಿಡಿ ಬಿಡದೆ ಎಡ ಮಣಿಕಟ್ಟಿನಿಂದ ಗಾರ್ಡ್ ತಳ್ಳೋದು. ಚೈನ್ ಆ ಕ್ಷಣ ನಿಲ್ಲಬೇಕು. ನಿಂತ ಕೂಡಲೇ ಆಕ್ಸಿಲೇಟರ್ ಬಿಡಬೇಕು, ಇಲ್ಲದಿದ್ರೆ ಕ್ಲಚ್ ಸುಡುತ್ತೆ.

ಆರು: ಬಿಳಿ ಕಾಗದದ ಕಡೆ ಬಾರಿನ ಮೂತಿ ತೋರಿಸಿ ಜೋರಾಗಿ ಓಡಿಸೋದು. ಕಾಗದದ ಮೇಲೆ ಎಣ್ಣೆಯ ಸಣ್ಣ ಗೆರೆ ಬಿದ್ರೆ ಪಂಪು ಸರಿ ಇದೆ.

ಐದನೇ ಪರೀಕ್ಷೆಯಲ್ಲಿ ಅಷ್ಟು ಜೋರಾಗಿ ಓಡ್ತಿದ್ದ ಚೈನ್ ಟಕ್ ಅಂತ ನಿಂತಾಗ ಚಿಕ್ಕಪ್ಪ, "ಇನ್ನೊಂದ್ಸಲ ಮಾಡು" ಅಂದ್ರು. ಮೆಕ್ಯಾನಿಕ್ ಮಾಡಿದ್ರು. ಮೂರನೇ ಸಲ ಚಿಕ್ಕಪ್ಪನೇ ಇಸ್ಕೊಂಡು ಮಾಡಿ ನೋಡಿದ್ರು. ಹನ್ನೆರಡು ವರ್ಷದಲ್ಲಿ ಅವರು ಬ್ರೇಕ್ ಪರೀಕ್ಷೆ ಮಾಡಿದ್ದು ಅದೇ ಮೊದಲಂತೆ. ಬಾರ್, ಚೈನ್, ಕವರ್ ಸೆಟ್, ಸ್ಪ್ರಿಂಗ್, ಕೂಲಿ ಎಲ್ಲಾ ಸೇರಿ ಮೂರು ಸಾವಿರದೊಳಗೆ ಮುಗೀತು. ಹೋದ ಮೂರು ಕೆಲಸದ ದುಡ್ಡು ಅದಕ್ಕಿಂತ ಜಾಸ್ತಿ. ಅದನ್ನು ಅವರು ಇವತ್ತಿಗೂ ನೆನಪು ಮಾಡ್ತಾರೆ. ಆದ್ರೆ ಈಗ ದಿನಾ ಕೆಲಸಕ್ಕೆ ಹೊರಡೋ ಮುಂಚೆ ಅಂಗಳದಲ್ಲೇ ಒಂದು ಸಲ ಗಾರ್ಡ್ ತಳ್ಳಿ ನೋಡ್ತಾರೆ ಅಂತ ಚಿಕ್ಕಮ್ಮ ಹೇಳಿದ್ರು.

ಇದನ್ನು ಫೋನ್‌ನಲ್ಲಿ ಓದ್ತಿರೋ ನಿಮ್ಮಲ್ಲಿ ಬಹಳ ಜನ ಚೈನ್ ಸಾ ಹಿಡಿಯೋರಲ್ಲ. ಆದ್ರೆ ನಿಮ್ಮ ಅಪ್ಪನೋ, ಮಾವನೋ, ತೋಟಕ್ಕೆ ಕೂಲಿಗೆ ಬರೋ ಅಣ್ಣನೋ ಹಿಡೀತಿರಬಹುದು. ಮುಂದಿನ ಸಲ ಊರಿಗೆ ಹೋದಾಗ ಮೆಷಿನ್‌ನ ಮುಂದಿನ ಹಿಡಿ ಹತ್ತಿರ ಆ ಕರಿ ಗಾರ್ಡ್ ಇದೆಯಾ ನೋಡಿ. ಇಲ್ಲದಿದ್ರೆ ಹೊಸದು ಹಾಕಿಸಿ, ಬರೋವರೆಗೂ ಮೆಷಿನ್ ಮುಟ್ಟಬೇಡಿ ಅನ್ನಿ. ಕೆಲಸ ಹೋಗುತ್ತೆ ಅಂತ ಬೈದ್ರೆ ಬೈಸಿಕೊಳ್ಳಿ.